ಗುದ್ದಲಿ ಮತ್ತು ಲೆಕ್ಕದ ಪುಸ್ತಕ: 1934ರ ಬಿಹಾರ ಭೂಕಂಪ

1934ರ ಜನವರಿ 15, ಸೋಮವಾರ. ಸಂಕ್ರಾಂತಿಯ ಆಸುಪಾಸು, ರಂಜಾನ್ ತಿಂಗಳ ಕೊನೆಯ ದಿನಗಳು. ಉತ್ತರ ಬಿಹಾರದಲ್ಲಿ ಕಬ್ಬು ಅರೆಯುವ ಕಾಲವಾದ್ದರಿಂದ ಸಕ್ಕರೆ ಕಾರ್ಖಾನೆಗಳಿಗೆ ಬಿಡುವಿರಲಿಲ್ಲ. ಮಧ್ಯಾಹ್ನ ಎರಡು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ನೆಲ ನಡುಗಿತು. ಗಂಗೆಯ ದಡದ ಮುಂಗೇರ್ ಪಟ್ಟಣದ ಬಜಾರು ಇಟ್ಟಿಗೆಯ ದಿಬ್ಬವಾಯಿತು. ಇಕ್ಕಟ್ಟಿನ ಓಣಿಗಳು, ಎರಡೂ ಬದಿಗೆ ಒತ್ತಿ ನಿಂತ ಮಾಳಿಗೆ ಮನೆಗಳು. ಜೀವ ಉಳಿಸಿಕೊಳ್ಳಲು ಬೀದಿಗೆ ಓಡಿಬಂದವರ ಮೇಲೇ ಗೋಡೆಗಳು ಬಿದ್ದವು. ಮುಜಫ್ಫರ್‌ಪುರ, ದರ್ಭಂಗಾ, ಮೋತಿಹಾರಿ, ಸೀತಾಮಢಿಗಳ ಪಾಡೂ ಹೆಚ್ಚು ಕಡಿಮೆ ಹೀಗೆಯೇ ಇತ್ತು.

ಹಳ್ಳಿಗಳಲ್ಲಿ ಆದದ್ದು ಬೇರೆ. ನೆಲ ಬಾಯಿಬಿಟ್ಟು ನೀರು ಮತ್ತು ಮರಳನ್ನು ಚಿಮ್ಮಿಸಿತು. ಗೇಣುದ್ದದ ಪೈರು ಮರಳಿನಡಿ ಮುಚ್ಚಿಹೋಯಿತು, ಬಾವಿಗಳಲ್ಲಿ ಮರಳು ತುಂಬಿತು. ಸುಮಾರು 300 ಕಿಲೋಮೀಟರ್ ಉದ್ದದ ಒಂದು ಪಟ್ಟಿಯಲ್ಲಿ ಕಟ್ಟಡಗಳು ಉರುಳಲಿಲ್ಲ, ವಾಲಿಕೊಂಡು ಹಾಗೇ ನೆಲದೊಳಗೆ ಹೂತುಹೋದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ನಾಲ್ವರು ಅಧಿಕಾರಿಗಳು ಇದನ್ನೆಲ್ಲ ಅಳೆದು 1939ರಲ್ಲಿ ಒಂದು ದೊಡ್ಡ ವರದಿ ಪ್ರಕಟಿಸಿದರು. ಕೇಂದ್ರಬಿಂದು ಬಿಹಾರದಲ್ಲೇ ಇತ್ತೆಂದು ಬಹುಕಾಲ ನಂಬಲಾಗಿತ್ತು; ಈಗ ಅದನ್ನು ನೇಪಾಳದ ಪೂರ್ವಕ್ಕೆ, ಎವರೆಸ್ಟಿನ ದಕ್ಷಿಣಕ್ಕೆ ಗುರುತಿಸುತ್ತಾರೆ. ತೀವ್ರತೆ ಸುಮಾರು 8. ಬಿಹಾರದಲ್ಲಿ ಸತ್ತವರು 7,253 ಎಂದು ಸರ್ಕಾರ ಬರೆದುಕೊಂಡಿತು, ನೇಪಾಳ 8,519 ಎಂದಿತು. ಸರ್ಕಾರದ ಲೆಕ್ಕವನ್ನು ರಾಷ್ಟ್ರೀಯವಾದಿಗಳು ಆಗಲೇ ಒಪ್ಪಿರಲಿಲ್ಲ, ಬಿಹಾರವೊಂದರಲ್ಲೇ ಅದರ ಎಷ್ಟೋ ಪಟ್ಟು ಜನ ಸತ್ತಿದ್ದಾರೆಂದು ವಾದಿಸಿದರು. ಆ ತಕರಾರು ಇವತ್ತಿಗೂ ಪೂರ್ತಿ ತೀರಿಲ್ಲ. ಒಂದು ಮಾತನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ: ಇದೇ ಕಂಪನ ನಡುರಾತ್ರಿಯಲ್ಲಿ ಆಗಿದ್ದರೆ ಸಾವು ಇದರ ಹಲವು ಪಟ್ಟಾಗುತ್ತಿತ್ತು.

ಗಂಗೆಯ ಉತ್ತರಕ್ಕೆ ತಂತಿ ಕಡಿದಿತ್ತು. ರೈಲು ಹಳಿಗಳು ಹಾವಿನಂತೆ ಸೊಟ್ಟಗಾಗಿದ್ದವು, ಸೇತುವೆಗಳು ಕುಸಿದಿದ್ದವು. ಪಟ್ನಾದಲ್ಲಿ ಕುಳಿತ ಪ್ರಾಂತೀಯ ಸರ್ಕಾರಕ್ಕೆ ನದಿಯಾಚೆ ಏನಾಗಿದೆ ಎಂಬುದೇ ಮೊದಲ ಒಂದೆರಡು ದಿನ ಸರಿಯಾಗಿ ತಿಳಿಯಲಿಲ್ಲ. ಕೊನೆಗೆ ವಿಮಾನ ಹಾರಿಸಿ ನೋಡಬೇಕಾಯಿತು. ಆ ಹೊತ್ತಿಗೆ ಮಣ್ಣಿನಡಿ ಸಿಕ್ಕಿಕೊಂಡವರನ್ನು ನೆರೆಹೊರೆಯವರು ಬರಿಗೈಯಲ್ಲಿ ಎಳೆದು ಹೊರಹಾಕುತ್ತಿದ್ದರು. ಯಾವ ಭೂಕಂಪದಲ್ಲೇ ಆಗಲಿ ಬದುಕಿ ಉಳಿಯುವವರಲ್ಲಿ ಹೆಚ್ಚಿನವರು ಉಳಿಯುವುದು ಹೀಗೆಯೇ. ಅವರನ್ನು ಎಳೆದು ತೆಗೆದವರ ಹೆಸರು ಯಾವ ವರದಿಯಲ್ಲೂ ಸಿಗುವುದಿಲ್ಲ.

ಆಮೇಲೆ ಬಂದವರ ಕಥೆ ಮಾತ್ರ ದಾಖಲೆಗಳಲ್ಲಿ ತುಂಬಿದೆ. ಏಕೆಂದರೆ ಅದು ರಾಜಕೀಯದ ಕಥೆಯೂ ಹೌದು.

ಆ ಜನವರಿಯಲ್ಲಿ ಕಾಂಗ್ರೆಸ್ ಸೋತು ಸುಣ್ಣವಾಗಿತ್ತು. ಸಾಮೂಹಿಕ ಕಾನೂನುಭಂಗ ಹಿಂದಿನ ವರ್ಷವೇ ನಿಂತಿತ್ತು, ಸಮಿತಿಗಳೆಲ್ಲ ನಿಷೇಧಕ್ಕೊಳಗಾಗಿದ್ದವು. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ 1923ರ ಕಾಕಿನಾಡ ಅಧಿವೇಶನದ ಹೊತ್ತಿಗೆ ಹುಟ್ಟುಹಾಕಿದ ಹಿಂದೂಸ್ತಾನಿ ಸೇವಾದಳ ಇದ್ದಿದ್ದರೆ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತಿತ್ತು. ಸ್ವಯಂಸೇವಕನೆಂದರೆ ಸಭೆಯಲ್ಲಿ ನೀರು ಕೊಡುವ ಹುಡುಗ ಎಂಬ ಭಾವನೆಯನ್ನು ಅಳಿಸಿ, ಕವಾಯತು, ಶಿಸ್ತು, ಶಿಬಿರಗಳ ಮೂಲಕ ದೇಶಕ್ಕೆಲ್ಲ ಆಳುಗಳನ್ನು ತಯಾರು ಮಾಡಿದ ಪಡೆ ಅದು. ಅದನ್ನೂ ಸರ್ಕಾರ 1932ರಲ್ಲಿ ನಿಷೇಧಿಸಿತ್ತು. ಅಂದರೆ ಇಪ್ಪತ್ತನೆಯ ಶತಮಾನದ ಭಾರತ ಕಂಡ ಬಲು ದೊಡ್ಡ ಭೂಕಂಪವೊಂದು ಎದುರಾದಾಗ, ಸಂಕಟದಲ್ಲಿ ಮುನ್ನುಗ್ಗುವುದನ್ನು ಕಲಿತಿದ್ದ ಜನರಲ್ಲಿ ದೊಡ್ಡ ಪಾಲು ಜೈಲಿನಲ್ಲಿತ್ತು.

ಕಲಿತದ್ದು ಎಂದೆ. ಅದು ಒಂದೇ ದಿನದಲ್ಲಿ ಬಂದ ವಿದ್ಯೆಯಲ್ಲ. 1897ರಲ್ಲಿ ಮುರ್ಷಿದಾಬಾದಿನ ಬರಗಾಲದಲ್ಲಿ ರಾಮಕೃಷ್ಣ ಮಿಷನ್ನಿನ ಸಂನ್ಯಾಸಿಗಳು ಅಕ್ಕಿ ಹಂಚಿದ್ದರು. 1922ರಲ್ಲಿ ಉತ್ತರ ಬಂಗಾಳದಲ್ಲಿ ಪ್ರವಾಹ ಬಂದಾಗ ರಸಾಯನಶಾಸ್ತ್ರಜ್ಞ ಪ್ರಫುಲ್ಲಚಂದ್ರ ರಾಯ್ ಪರಿಹಾರ ಸಮಿತಿಯೊಂದನ್ನು ಕಟ್ಟಿ ನಿಲ್ಲಿಸಿದರು, ಯುವಕ ಸುಭಾಷ್ ಬೋಸ್ ಆಗ ಅಲ್ಲಿ ಓಡಾಡಿ ದುಡಿದಿದ್ದರು. 1927ರಲ್ಲಿ ಗುಜರಾತಿನ ನೆರೆಯಲ್ಲಿ ವಲ್ಲಭಭಾಯಿ ಪಟೇಲರ ಪಡೆ ಸರ್ಕಾರಿ ಅಧಿಕಾರಿಗಳಿಗಿಂತ ಮೊದಲೇ ಹಳ್ಳಿ ತಲುಪಿ ಹೆಸರು ಗಳಿಸಿತು. ಚಂದಾ ಎತ್ತುವುದು, ಕಾಳು ಸಾಗಿಸುವುದು, ಯಾರಿಗೆ ಎಷ್ಟು ಎಂದು ಪಟ್ಟಿ ಮಾಡುವುದು, ರಸೀದಿ ಬರೆಯುವುದು: ಹೋರಾಟದ ಭಾಷಣಗಳಲ್ಲಿ ಬಾರದ ಈ ಸಪ್ಪೆ ಕೆಲಸಗಳ ಅನುಭವ ಹೀಗೆ ಕೂಡುತ್ತಾ ಬಂದಿತ್ತು.

ಬಿಹಾರದಲ್ಲಿ ಅದನ್ನು ಬಳಸಬಲ್ಲ ಒಬ್ಬರಿದ್ದರು. ಬಾಬು ರಾಜೇಂದ್ರ ಪ್ರಸಾದರು ಕೈದಿಯಾಗಿದ್ದುಕೊಂಡೇ ಉಬ್ಬಸದ ಚಿಕಿತ್ಸೆಗಾಗಿ ಪಟ್ನಾ ಆಸ್ಪತ್ರೆಯಲ್ಲಿದ್ದರು. ಜನವರಿ 17ರಂದು ಅವರ ಬಿಡುಗಡೆಯಾಯಿತು. ವಿಶ್ರಾಂತಿ ಬೇಕಿದ್ದ ಮನುಷ್ಯ ನೇರವಾಗಿ ಬಿಹಾರ ಕೇಂದ್ರ ಪರಿಹಾರ ಸಮಿತಿಯನ್ನು ಕಟ್ಟಲು ಕುಳಿತರು. ಅದನ್ನು ಅವರು ಕಾಂಗ್ರೆಸ್ ಸಮಿತಿಯೆಂದು ಕರೆಯಲಿಲ್ಲ, ಕರೆದಿದ್ದರೆ ಮರುದಿನವೇ ಬೀಗ ಬೀಳುತ್ತಿತ್ತು. ಅನುಗ್ರಹ ನಾರಾಯಣ ಸಿಂಹ, ಜಮನಾಲಾಲ್ ಬಜಾಜ್, ಆಚಾರ್ಯ ಕೃಪಲಾನಿ, ಆಗಿನ್ನೂ ಮೂವತ್ತೊಂದು ವರ್ಷದ ಜಯಪ್ರಕಾಶ ನಾರಾಯಣ, ಹೀಗೆ ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು. ಕಲ್ಕತ್ತೆಯ ಮಾರ್ವಾಡಿ ರಿಲೀಫ್ ಸೊಸೈಟಿ, ರಾಮಕೃಷ್ಣ ಮಿಷನ್, ಆರ್ಯ ಸಮಾಜ, ರೆಡ್ ಕ್ರಾಸ್‌ಗಳು ತಂತಮ್ಮ ಶಿಬಿರ ಹೂಡಿದವು. ಅತ್ತ ವೈಸ್‌ರಾಯ್ ವಿಲ್ಲಿಂಗ್ಡನ್ ತಮ್ಮ ಹೆಸರಿನಲ್ಲೊಂದು ನಿಧಿ ತೆರೆದರು, ಲಂಡನ್ನಿನ ಲಾರ್ಡ್ ಮೇಯರ್ ಇನ್ನೊಂದು ತೆರೆದರು. ಯಾರ ಪೆಟ್ಟಿಗೆಗೆ ಹೆಚ್ಚು ಕಾಸು ಬೀಳುತ್ತದೆ ಎಂಬುದೇ ಪತ್ರಿಕೆಗಳಲ್ಲಿ ಒಂದು ಬಗೆಯ ಮತಗಣನೆಯಾಗಿಬಿಟ್ಟಿತು.

ಜವಾಹರಲಾಲ್ ನೆಹರೂ ಕಂಪನದ ಹೊತ್ತಿಗೆ ಅಲಹಾಬಾದಿನ ಮನೆಯ ಜಗಲಿಯಲ್ಲಿ ರೈತರೊಂದಿಗೆ ಮಾತಾಡುತ್ತಾ ನಿಂತಿದ್ದರು. ಆಮೇಲೆ ಹತ್ತು ದಿನ ಬಿಹಾರ ಸುತ್ತಿದರು. ಮುಂಗೇರಿನಲ್ಲಿ ಅವಶೇಷಗಳನ್ನು ಇನ್ನೂ ಎತ್ತಿಲ್ಲದ್ದನ್ನು ಕಂಡು ಸಿಟ್ಟಾಗಿ, ತಾವೇ ಸಲಿಕೆ ಹಿಡಿದು, ಬುಟ್ಟಿ ಹೊತ್ತು ಜನರ ಜೊತೆ ಅಗೆಯತೊಡಗಿದರು. ಆ ದಿನ ಅವರ ಗುಂಪಿಗೆ ಮಣ್ಣಿನಡಿ ಸಿಕ್ಕಿದ್ದು ಒಂದು ಪುಟ್ಟ ಹುಡುಗಿಯ ಶವ. ಇದು ಮುಖಂಡರೊಬ್ಬರ ಪ್ರದರ್ಶನವಲ್ಲವೇ ಎಂದು ಕೇಳಬಹುದು. ಒಂದು ಮಟ್ಟಿಗೆ ಪ್ರದರ್ಶನವೇ. ಆದರೆ ಮೇಲ್ಜಾತಿಯ ಕಾಲೇಜು ಹುಡುಗರು ಹೆಣ ಎತ್ತಲು, ಕಸ ಬಳಿಯಲು ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ ಅಂಥ ಪ್ರದರ್ಶನಕ್ಕೂ ಬೆಲೆಯಿತ್ತು. ಸರ್ಕಾರ ನಿಧಾನವಾಗಿದೆಯೆಂದು ನೆಹರೂ ಬಹಿರಂಗವಾಗಿಯೇ ಹೇಳಿದರು. ಫೆಬ್ರವರಿ 11ಕ್ಕೆ ಅಲಹಾಬಾದಿಗೆ ಮರಳಿದರು, 12ರಂದು ಅವರ ಬಂಧನವಾಯಿತು. ಆರೋಪ ಮಾತ್ರ ಕಲ್ಕತ್ತೆಯ ಭಾಷಣಗಳ ಮೇಲಿನದು. ಶಿಕ್ಷೆ ಎರಡು ವರ್ಷ.

ಗಾಂಧೀಜಿ ಆಗ ದಕ್ಷಿಣದಲ್ಲಿದ್ದರು. ಅಸ್ಪೃಶ್ಯತೆಯ ವಿರುದ್ಧ ಹರಿಜನ ಯಾತ್ರೆ ನಡೆದಿತ್ತು. ಜನವರಿ 24ರಂದು ತಿರುನಲ್ವೇಲಿಯಲ್ಲಿ ಅವರು, ಈ ಭೂಕಂಪ ನಾವು ಅಸ್ಪೃಶ್ಯರಿಗೆ ಮಾಡಿದ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂಬರ್ಥದ ಮಾತಾಡಿದರು. ದೇಶವೇ ಬೆಚ್ಚಿತು. ಅಸ್ಪೃಶ್ಯತೆಯ ವಿಷಯದಲ್ಲಿ ಗಾಂಧಿಯ ಪರವಾಗಿದ್ದ ರವೀಂದ್ರನಾಥ ಠಾಕೂರರೇ ಎದುರಾಡಿದರು. ಪ್ರಕೃತಿಯ ಘಟನೆಗೆ ನೀತಿಯ ಕಾರಣ ಹಚ್ಚುವುದು ಅವಿವೇಕವನ್ನು ಬೆಳೆಸುತ್ತದೆ, ಇದೇ ತರ್ಕವನ್ನು ಸನಾತನಿಗಳು ನಿಮ್ಮ ಮೇಲೂ ತಿರುಗಿಸಬಹುದು ಎಂಬುದು ಅವರ ವಾದ. ಸನಾತನಿಗಳು ಆಗಲೇ ಅದನ್ನು ತಿರುಗಿಸಿಯೂ ಇದ್ದರು: ದೇವಸ್ಥಾನ ಪ್ರವೇಶದ ಚಳವಳಿಯೇ ದೇವರ ಕೋಪಕ್ಕೆ ಕಾರಣವೆಂದರು. ಗಾಂಧೀಜಿ ಠಾಕೂರರ ಪತ್ರವನ್ನು ತಮ್ಮ 'ಹರಿಜನ' ಪತ್ರಿಕೆಯಲ್ಲೇ ಅಚ್ಚು ಹಾಕಿ, ಪಕ್ಕದಲ್ಲೇ ತಮ್ಮ ಉತ್ತರ ಕೊಟ್ಟರು, ಹಿಂದೆ ಸರಿಯಲಿಲ್ಲ. ಅವರ ಮಾತನ್ನು ರೂಪಕವೆಂದು ತೇಲಿಸುವ ವಿದ್ವಾಂಸರಿದ್ದಾರೆ, ಅದು ಅವರ ನಿಜವಾದ ನಂಬಿಕೆ ಎನ್ನುವವರೂ ಇದ್ದಾರೆ. ಅವರು ಬರೆದದ್ದನ್ನು ಓದಿದರೆ ನಂಬಿಕೆ ಎನ್ನುವವರದೇ ಸರಿ ಅನ್ನಿಸುತ್ತದೆ. ಮನೆ ಕಳೆದುಕೊಂಡ ಮುಂಗೇರಿನ ಹರಿಜನ ಯಾವ ಪಾಪ ಮಾಡಿದ್ದ ಎಂಬ ಪ್ರಶ್ನೆಗೆ ಆ ಉತ್ತರದಲ್ಲಿ ಜಾಗವಿಲ್ಲ.

ಯಾತ್ರೆ ಅಷ್ಟಕ್ಕೆ ನಿಲ್ಲಲಿಲ್ಲ. ಫೆಬ್ರವರಿ ಕೊನೆಯಲ್ಲಿ ಕೊಡಗು, ಮಂಗಳೂರು, ಉಡುಪಿ, ಕುಂದಾಪುರ, ಅಲ್ಲಿಂದ ಉತ್ತರ ಕನ್ನಡ, ಮುಂದೆ ಹುಬ್ಬಳ್ಳಿ, ಬೆಳಗಾವಿ. ದಕ್ಷಿಣದ ಸಭೆಗಳಲ್ಲಿ ಹರಿಜನ ನಿಧಿಗೆ ಕೈಚಾಚಿದಂತೆಯೇ ಬಿಹಾರಕ್ಕೂ ಕೈಚಾಚುತ್ತಿದ್ದರು. ಹೆಂಗಸರು ಬಳೆ, ಉಂಗುರ ಬಿಚ್ಚಿ ಕೊಡುತ್ತಿದ್ದರು. ಅಂಕೋಲಾ, ಸಿದ್ದಾಪುರದ ಕಡೆ ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡು ಕುಳಿತಿದ್ದ ರೈತರನ್ನೂ ಅವರು ಕಂಡದ್ದು ಈ ಸುತ್ತಿನಲ್ಲೇ. ರಾಜೇಂದ್ರ ಪ್ರಸಾದರ ಕರೆಗೆ ಓಗೊಟ್ಟು ಕರ್ನಾಟಕದ ಪ್ರವಾಸ ಮುಗಿಸಿ ಉತ್ತರಕ್ಕೆ ಹೊರಟ ಗಾಂಧೀಜಿ ಮಾರ್ಚ್ 11ರಂದು ಪಟ್ನಾ ತಲುಪಿದರು.

ಅಲ್ಲಿ ಅವರಿಗೆ ಎದುರಾದದ್ದು ಲೆಕ್ಕದ ಪುಸ್ತಕ. ಪರಿಹಾರ ಸಮಿತಿಯ ಹಣಕಾಸನ್ನು ನೋಡಿಕೊಳ್ಳಲು ಜೆ.ಸಿ. ಕುಮಾರಪ್ಪ ಬಂದಿದ್ದರು. ತಂಜಾವೂರಿನವರು, ಲಂಡನ್ನಿನಲ್ಲಿ ಕಲಿತ ಲೆಕ್ಕಪರಿಶೋಧಕರು. ನೂರಾರು ಕೇಂದ್ರಗಳಲ್ಲಿ ಸಾವಿರಾರು ಕೈಗಳ ಮೂಲಕ ಹರಿಯುವ ಸಾರ್ವಜನಿಕ ದುಡ್ಡಿನಲ್ಲಿ ಒಂದು ಕಾಸು ಸೋರಿದರೂ ಸರ್ಕಾರಕ್ಕೆ ಹಬ್ಬವೆಂದು ಅವರಿಗೆ ಗೊತ್ತಿತ್ತು. ಕಾರ್ಯಕರ್ತರ ಊಟಕ್ಕೆ ದಿನಕ್ಕೆ ಇಷ್ಟೇ ಆಣೆ ಎಂದು ಬಿಗಿಯಾಗಿ ಕಟ್ಟು ಮಾಡಿದರು. ಗಾಂಧೀಜಿಯ ಪರಿವಾರ ಬಂದಿಳಿದಾಗ ಅವರ ಹಾಲು ಹಣ್ಣಿನ ಖರ್ಚನ್ನೂ ಪರಿಹಾರ ನಿಧಿಯಿಂದ ಕೊಡುವುದಿಲ್ಲ, ನೀವೇ ಭರಿಸಿಕೊಳ್ಳಿ ಎಂದರೆಂಬ ಪ್ರಸಂಗ ಕುಮಾರಪ್ಪನವರನ್ನು ಕುರಿತ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಗಾಂಧೀಜಿ ವಿಚಾರಿಸಿ ಒಪ್ಪಿಕೊಂಡರಂತೆ. ಸ್ವಯಂಸೇವೆಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಗುದ್ದಲಿ ಹಿಡಿದವರನ್ನು ಹೊಗಳಿ ಮುಂದೆ ಹೋಗುತ್ತಾರೆ. 1934ರ ಸಮಿತಿಗೆ ಬಂದ ಗೌರವದಲ್ಲಿ ಈ ಜಿಪುಣ ಲೆಕ್ಕಿಗನ ಪಾಲು ಸಲಿಕೆಗಳ ಪಾಲಿಗಿಂತ ಕಡಿಮೆಯಲ್ಲ ಎಂದು ನನ್ನ ಎಣಿಕೆ.

ಮಾರ್ಚ್ 18ರಂದು ಸಮಿತಿಯ ಸಭೆ ಸೇರಿತು. ಸರ್ಕಾರದೊಂದಿಗೆ ಅಸಹಕಾರವನ್ನೇ ಉಸಿರಾಗಿಸಿಕೊಂಡಿದ್ದ ಗಾಂಧೀಜಿ ಅಲ್ಲಿ ಮಂಡಿಸಿದ ನಿರ್ಣಯದ ತಿರುಳು, ಪರಿಹಾರ ಕಾರ್ಯದಲ್ಲಿ ಸರ್ಕಾರಕ್ಕೆ ಗೌರವಪೂರ್ವಕ ಸಹಕಾರ ಕೊಡಬೇಕು ಎಂಬುದು. ಹಲವರಿಗೆ ಇದು ನುಂಗಲಾರದ ತುತ್ತು. ಹಸಿದವನ ಮುಂದೆ ನಿಂತು ಯಾರ ಅಕ್ಕಿ ಎಂದು ಕೇಳಬಾರದು ಎಂಬ ನಿಲುವಿಗೆ ಗಾಂಧೀಜಿ ಅಂಟಿಕೊಂಡರು. ಜೊತೆಗೆ ಇನ್ನೊಂದು ಮಾತನ್ನು ಹೋದಲ್ಲೆಲ್ಲ ಹೇಳಿದರು: ಮೈಯಲ್ಲಿ ಕಸುವಿರುವವರು ದಾನಕ್ಕೆ ಕಾಯಬೇಡಿ, ಕೆಲಸ ಮಾಡಿ ಕೂಲಿ ಪಡೆಯಿರಿ. ಏಪ್ರಿಲ್ 2ರ ಮೌನದಿನದಂದು, ಭೂಕಂಪ ಪೀಡಿತ ಸಹರ್ಸಾದಲ್ಲಿ ಕುಳಿತು, ಕಾನೂನುಭಂಗವನ್ನು ತಾನೊಬ್ಬನಿಗೆ ಮಾತ್ರ ಉಳಿಸಿಕೊಂಡು ಮಿಕ್ಕವರು ನಿಲ್ಲಿಸಬೇಕೆಂಬ ಹೇಳಿಕೆಯ ಕರಡು ಬರೆದರು. ಏಪ್ರಿಲ್ 7ರಂದು ಅದು ಪಟ್ನಾದಿಂದ ಹೊರಬಿತ್ತು. ಆ ನಿರ್ಧಾರಕ್ಕೆ ಬೇರೆ ಕಾರಣಗಳಿದ್ದವು, ಭೂಕಂಪವೇ ಕಾರಣವೆಂದರೆ ತಪ್ಪಾದೀತು. ಆದರೆ ಜೈಲು ತುಂಬುವ ರಾಜಕೀಯದಿಂದ ಊರು ಕಟ್ಟುವ ರಾಜಕೀಯಕ್ಕೆ ಅವರ ಮನಸ್ಸು ವಾಲುತ್ತಿದ್ದ ದಿನಗಳಲ್ಲಿ ಕಣ್ಣ ಮುಂದಿದ್ದದ್ದು ಬಿಹಾರ. ಆ ವರ್ಷದ ಕೊನೆಗೆ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಹುಟ್ಟಿದಾಗ ಅದನ್ನು ನಡೆಸಲು ಅವರು ಆರಿಸಿಕೊಂಡದ್ದು ಇದೇ ಕುಮಾರಪ್ಪನವರನ್ನು.

ಹಳ್ಳಿಗಳಲ್ಲಿ ಕೆಲಸ ಸಾವಕಾಶವಾಗಿ, ಯಾವ ಪತ್ರಿಕೆಯ ಕಣ್ಣಿಗೂ ಬೀಳದೆ ಸಾಗಿತು. ಮೊದಲು ಕುಡಿಯುವ ನೀರು. ಮರಳು ತುಂಬಿದ ಬಾವಿಗಳಿಗೆ ಇಳಿದು ಬುಟ್ಟಿ ಬುಟ್ಟಿಯಾಗಿ ತೋಡಬೇಕಿತ್ತು. ಆಮೇಲೆ ಹೊಲದ ಮರಳು. ಸಕ್ಕರೆ ಕಾರ್ಖಾನೆಗಳು ಮುರಿದುಬಿದ್ದು ಬೆಳೆದ ಕಬ್ಬು ಹೊಲದಲ್ಲೇ ಒಣಗುವಂತಾದಾಗ ಎತ್ತು ಕಟ್ಟಿ ತಿರುಗಿಸುವ ಹಳೆಯ ಗಾಣಗಳನ್ನು ಸರ್ಕಾರ ಹಂಚಿತು. ರೈತ ಬೆಲ್ಲ ಮಾಡಿಕೊಂಡಾದರೂ ನಾಲ್ಕು ಕಾಸು ಕಾಣಲಿ ಎಂಬ ಯೋಚನೆ. ಒಳ್ಳೆಯ ಯೋಚನೆಯೇ. ಸರ್ಕಾರವೆಂದರೆ ಬರೀ ಅಡ್ಡಗಾಲು, ಕಾಂಗ್ರೆಸ್ಸೆಂದರೆ ಬರೀ ಸೇವೆ ಎಂಬ ಚಿತ್ರ ನಮ್ಮ ಪಾಠಪುಸ್ತಕಗಳಿಗೆ ಹಿತ. ಎಲಿಯೊನೋರ್ ಮಾರ್ಕುಸೆನ್ ಅವರಂಥ ಇತ್ತೀಚಿನ ಇತಿಹಾಸಕಾರರು ದಾಖಲೆ ಕೆದಕಿದಾಗ ಕಂಡದ್ದು ಇನ್ನಷ್ಟು ಗೋಜಲು. ಸರ್ಕಾರ ಸಂಘಸಂಸ್ಥೆಗಳ ಮೇಲೆ ಬಹಳವಾಗಿ ಒರಗಿತ್ತು, ಸಂಘಸಂಸ್ಥೆಗಳು ಸರ್ಕಾರದ ಸಾಗಾಟ, ಸಾಮಗ್ರಿಗಳ ಮೇಲೆ.

ಈ ಗೋಜಲಿನ ನಡುವೆ ಒಬ್ಬ ಸ್ವಿಸ್ ಇಂಜಿನಿಯರ್ ಬಂದರು. ಪಿಯರ್ ಸೆರೆಸೋಲ್. ಅಪ್ಪ ಸ್ವಿಟ್ಜರ್ಲೆಂಡಿನ ಅಧ್ಯಕ್ಷರಾಗಿದ್ದವರು, ಮಗ ಸೈನ್ಯದ ತೆರಿಗೆ ಕೊಡಲೊಲ್ಲದೆ ಜೈಲು ಕಂಡವರು. ಮೊದಲ ಮಹಾಯುದ್ಧದಲ್ಲಿ ನುಚ್ಚುನೂರಾಗಿದ್ದ ವೆರ್ಡನ್ ಬಳಿಯ ಎನ್ ಎಂಬ ಹಳ್ಳಿಯನ್ನು ಮತ್ತೆ ಕಟ್ಟಲು 1920ರಲ್ಲಿ ಜರ್ಮನರನ್ನೂ ಸೇರಿಸಿ ಹಲವು ದೇಶಗಳವರನ್ನು ಗುದ್ದಲಿ ಸಮೇತ ಕರೆದೊಯ್ದಿದ್ದರು. ಅಂತರರಾಷ್ಟ್ರೀಯ ನಾಗರಿಕ ಸೇವೆ ಎಂಬ ಅವರ ಸಂಸ್ಥೆ ಹುಟ್ಟಿದ್ದು ಅಲ್ಲಿಂದ. 1931ರಲ್ಲಿ ಸ್ವಿಟ್ಜರ್ಲೆಂಡಿಗೆ ಬಂದ ಗಾಂಧೀಜಿಯನ್ನು ಕಂಡಿದ್ದರು. ಕೆಲವೇ ಸಂಗಡಿಗರೊಂದಿಗೆ ಅವರು ಮುಜಫ್ಫರ್‌ಪುರ ಜಿಲ್ಲೆಯನ್ನು ಆರಿಸಿಕೊಂಡರು. ಭೂಕಂಪದಿಂದ ನೆಲದ ಮಟ್ಟವೇ ಬದಲಾಗಿ ಕೆಲವು ಹಳ್ಳಿಗಳು ಮಳೆಗಾಲದಲ್ಲಿ ಮುಳುಗತೊಡಗಿದ್ದವು. ಆ ಜನರಿಗೆ ಎತ್ತರದ ಜಾಗದಲ್ಲಿ ಹೊಸ ಊರು ಕಟ್ಟುವುದು ಅವರು ಕೈಗೆತ್ತಿಕೊಂಡ ಕೆಲಸ. ಶಾಂತಿಪುರ ಅಂಥ ಒಂದು ಊರು. ಬಿಳಿಯರೆಂದರೆ ಹುಕುಂ ಮಾಡುವವರು ಎಂದಷ್ಟೇ ಗೊತ್ತಿದ್ದ ಸೀಮೆಯಲ್ಲಿ ಬಿಳಿಯರೇ ಮಣ್ಣು ಹೊತ್ತರು. ಭೂಮಿ ಕೊಡಿಸಲು ಜಮೀನ್ದಾರರು ಒಪ್ಪಬೇಕು, ದುಡ್ಡಿಗೆ ಸರ್ಕಾರವೂ ಸಮಿತಿಯೂ ಒಪ್ಪಬೇಕು. ಇವರೆಲ್ಲರ ನಡುವೆ ಸೆರೆಸೋಲ್ ತಾಳ್ಮೆಯಿಂದ ಓಡಾಡಿದರು. ಕೆಲಸ 1937ರವರೆಗೆ ಎಳೆಯಿತು.

ಜಮೀನ್ದಾರರ ಮಾತು ಬಂತು. ಪರಿಹಾರದ ಕಥೆಯಲ್ಲಿ ಎಲ್ಲರೂ ಮೆತ್ತಗೆ ದಾಟಿಹೋಗುವ ಜಾಗ ಇದೇ. ಹೊಲದ ತುಂಬ ಮರಳಿದ್ದರೂ ಗೇಣಿ ಬಿಡಲಿಲ್ಲ. ಪರಿಹಾರ ಕಾರ್ಯದಲ್ಲಿ ತಿರುಗಾಡುತ್ತಿದ್ದ ರೈತ ಮುಖಂಡ ಸ್ವಾಮಿ ಸಹಜಾನಂದ ಸರಸ್ವತಿಯವರ ಕಿವಿಗೆ ಊರೂರಲ್ಲೂ ಬಿದ್ದದ್ದು ಒಂದೇ ದೂರು: ಜಮೀನ್ದಾರನ ಆಳುಗಳು ಬಾಕಿ ವಸೂಲಿಗೆ ಪೀಡಿಸುತ್ತಿದ್ದಾರೆ. ಪಟ್ನಾದಲ್ಲಿ ಗಾಂಧೀಜಿಯ ಮುಂದೆ ಅವರು ಇದನ್ನಿಟ್ಟರು. ದರ್ಭಂಗಾ ಮಹಾರಾಜರಿಗೆ ತಿಳಿಸಿದರೆ ಸರಿಮಾಡುತ್ತಾರೆ, ಅವರ ಮ್ಯಾನೇಜರ್ ಕಾಂಗ್ರೆಸ್ಸಿಗರೇ ಅಲ್ಲವೇ ಎಂಬ ಧಾಟಿಯ ಉತ್ತರ ಬಂತು. ಹದಿನಾಲ್ಕು ವರ್ಷ ಗಾಂಧಿಯನ್ನು ನಂಬಿದ್ದ ಸ್ವಾಮೀಜಿ ಅಂದೇ ಮನಸ್ಸಿನಲ್ಲಿ ಅವರನ್ನು ಬಿಟ್ಟೆ ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 1936ರಲ್ಲಿ ಲಖನೌನಲ್ಲಿ ಅಖಿಲ ಭಾರತ ಕಿಸಾನ್ ಸಭಾ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರು ಅವರೇ. ಪರಿಹಾರ ಸಮಿತಿ ಬಿದ್ದ ಮನೆಯನ್ನು ಎತ್ತಿ ಕೊಡಲು ಬಂದಿತ್ತು. ಆ ಮನೆ ಯಾರ ನೆಲದ ಮೇಲಿದೆ ಎಂದು ಕೇಳಲು ಅದಕ್ಕೆ ಧೈರ್ಯವಿರಲಿಲ್ಲ.

ಗಡಿಯಾಚೆ ನೇಪಾಳದಲ್ಲಿ ಧರಹರಾ ಗೋಪುರ ಮುರಿದುಬಿದ್ದಿತ್ತು. ಪ್ರಧಾನಿ ಜುದ್ಧ ಶಂಶೇರ್ ರಾಣಾ ಹೊರಗಿನ ನೆರವು ಬೇಡವೆಂದು ತಮ್ಮ ಸೈನಿಕರಿಂದಲೇ ಕೆಲಸ ಮಾಡಿಸಿದರು. ಕಾಠ್ಮಂಡುವಿನ ಇಂದಿನ ನ್ಯೂ ರೋಡ್ ಆ ಮರುನಿರ್ಮಾಣದ ಕುರುಹು.

ಬಿಹಾರದ ಕೆಲಸ ರಾಜೇಂದ್ರ ಪ್ರಸಾದರನ್ನು ದೇಶದ ನಾಯಕರನ್ನಾಗಿ ಮಾಡಿತು. 1934ರ ಅಕ್ಟೋಬರಿನಲ್ಲಿ ಮುಂಬಯಿ ಅಧಿವೇಶನಕ್ಕೆ ಅವರೇ ಅಧ್ಯಕ್ಷರಾದರು. ಸೋತು ಕುಳಿತಿದ್ದ ಪಕ್ಷ ನವೆಂಬರಿನ ಕೇಂದ್ರ ಶಾಸನಸಭೆಯ ಚುನಾವಣೆಯಲ್ಲಿ ಚೆನ್ನಾಗಿ ಗೆದ್ದಿತು. ಪರಿಹಾರ ಕಾರ್ಯ ಮತ ತಂದಿತೆಂದು ಅಳೆದು ತೋರಿಸುವುದು ಕಷ್ಟ. ಸರ್ಕಾರ ಏನು ತಿಳಿದುಕೊಂಡಿತು ಎಂಬುದಕ್ಕೆ ಮಾತ್ರ ಪುರಾವೆಯಿದೆ, ಮತ್ತು ಅದು ಬಿಹಾರದಿಂದ ಬಲು ದೂರದಲ್ಲಿದೆ.

1935ರ ಮೇ 31ರ ನಸುಕಿನಲ್ಲಿ ಬಲೂಚಿಸ್ತಾನದ ಕ್ವೆಟ್ಟಾ ನೆಲಸಮವಾಯಿತು. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಸೇನಾ ನೆಲೆಯ ಬಹುಭಾಗ ಉಳಿದಿದ್ದರಿಂದ ಸೈನಿಕರು ತಕ್ಷಣ ಅಗೆಯಲು ಇಳಿದರು, ನಿಜ. ಆದರೆ ಸೈನಿಕ ಆಡಳಿತ ಹೇರಿ ಊರಿಗೆ ಹೊರಗಿನವರ ಪ್ರವೇಶ ಮುಚ್ಚಲಾಯಿತು. ಕಾಂಗ್ರೆಸ್ ಅಧ್ಯಕ್ಷ ರಾಜೇಂದ್ರ ಪ್ರಸಾದರು ಅನುಮತಿ ಕೇಳಿದರು, ಸಿಗಲಿಲ್ಲ. ಗಾಂಧೀಜಿಗೂ ಸಿಗಲಿಲ್ಲ. ರೋಗ ಹರಡುವ ಭಯ, ನೀರು ಆಹಾರದ ಅಭಾವ ಎಂದು ಸರ್ಕಾರ ಕಾರಣ ಕೊಟ್ಟಿತು. ಗಡಿನಾಡಿನ ಸೇನಾ ನೆಲೆಯಾದ್ದರಿಂದ ಅದರಲ್ಲಿ ಒಂದಿಷ್ಟು ಸತ್ಯವೂ ಇರಬಹುದು. ಮಣ್ಣಿನಡಿ ಇನ್ನೂ ಜೀವಗಳಿರಬಹುದು, ನಮ್ಮವರನ್ನು ಬಿಡಿ ಎಂದು ಬರೆದ ಪತ್ರಿಕೆಗಳ ಮೇಲೂ ಕ್ರಮ ಜರುಗಿತು. ರಾಜೇಂದ್ರ ಪ್ರಸಾದರ ಸಮಿತಿ ಕೊನೆಗೆ ರೈಲಿನಲ್ಲಿ ಸಿಂಧ್, ಪಂಜಾಬಿಗೆ ಬಂದಿಳಿದ ನಿರಾಶ್ರಿತರನ್ನು ನೋಡಿಕೊಳ್ಳುವುದಕ್ಕೆ ತೃಪ್ತಿಪಡಬೇಕಾಯಿತು. ಬಿಹಾರದಲ್ಲಿ ಸ್ವಯಂಸೇವಕರನ್ನು ಒಳಬಿಟ್ಟು ಹದಿನಾರು ತಿಂಗಳಾಗಿತ್ತಷ್ಟೆ. ಆ ಹದಿನಾರು ತಿಂಗಳು ಕ್ವೆಟ್ಟಾದ ಬಾಗಿಲು ಮುಚ್ಚಿದವರ ಲೆಕ್ಕದಲ್ಲಿ ಇರಲಿಲ್ಲವೆಂದು ನಂಬುವುದು ಕಷ್ಟ.

ಸ್ವತಂತ್ರ ಭಾರತದಲ್ಲಿ ಬಿಹಾರಕ್ಕೆ ಇನ್ನೊಂದು ದೊಡ್ಡ ಆಪತ್ತು ಬಂದದ್ದು 1966–67ರ ಬರದ ರೂಪದಲ್ಲಿ. ಸ್ವಾತಂತ್ರ್ಯಾನಂತರ ಸರ್ಕಾರವೊಂದು ಬಾಯಿಬಿಟ್ಟು 'ಕ್ಷಾಮ' ಎಂದು ಘೋಷಿಸಿದ್ದು ಆಗಲೇ ಮೊದಲು, 1967ರ ಏಪ್ರಿಲಿನಲ್ಲಿ. ಗಂಜಿಕೇಂದ್ರಗಳನ್ನು ನಡೆಸಲು, ಬಾವಿ ತೋಡಿಸಲು, ದೇಶವಿದೇಶದ ನೆರವನ್ನು ಹಳ್ಳಿಗೆ ಮುಟ್ಟಿಸಲು ಬಿಹಾರ ರಿಲೀಫ್ ಕಮಿಟಿ ಎಂಬ ಸರ್ಕಾರೇತರ ಸಮಿತಿ ನಿಂತಿತು. ಅದರ ಮುಂದಾಳು ಜಯಪ್ರಕಾಶ ನಾರಾಯಣ. ಮೂವತ್ತಮೂರು ವರ್ಷಗಳ ಹಿಂದೆ ರಾಜೇಂದ್ರ ಪ್ರಸಾದರ ಸಮಿತಿಯಲ್ಲಿ ದುಡಿದಿದ್ದವರು ಈಗ ಅದೇ ಪಟ್ನಾದಲ್ಲಿ ಕುಳಿತು, ಈ ಬಾರಿ ತಮ್ಮದೇ ದೇಶದ ಸರ್ಕಾರಕ್ಕೆ ಅದು ಮಾಡದೆ ಉಳಿಸಿದ ಕೆಲಸಗಳ ಪಟ್ಟಿಯನ್ನು ಕಳಿಸುತ್ತಿದ್ದರು.